ಮಡುವಿನಂಚಿನಲ್ಲಿ ಕೋವಿ ಬೆನ್ನ ಮೇಲಿದ್ದರೆ

ನಾನು ದಾಂಡೇಲಿಯವನು. ಕಾಳಿ ನದಿಯ ಬಂಡೆಗಳ ಮೇಲೆ ಬಾಯಿ ಕಳೆದು ಬಿಸಿಲು ಕಾಯುವ ಮೊಸಳೆಗಳನ್ನು ನೋಡಿಯೇ ಬೆಳೆದೆ. ತಾಂಜಾನಿಯಾದ ಸೆಲೂಸ್‌ನ ಶಿಕಾರಿ ಕ್ಯಾಂಪಿಗೆ ಕೆಲಸಕ್ಕೆ ಹೋದಾಗ ಆ ಸಲಿಗೆಯೂ ಜತೆಗೇ ಬಂದಿತ್ತು. (ಆ ಕಾಡಿನ ದೊಡ್ಡ ಭಾಗ 2019ರಲ್ಲಿ ನ್ಯೆರೆರೆ ರಾಷ್ಟ್ರೀಯ ಉದ್ಯಾನವಾಯಿತು, ಅಲ್ಲೀಗ ಶಿಕಾರಿ ಇಲ್ಲ.) ಸ್ವಾಹಿಲಿಯಲ್ಲಿ ಮೊಸಳೆಗೆ 'ಮಾಂಬಾ' ಅಂತಾರೆ. ಮೊದಲ ವಾರ ಯಾರಾದರೂ ಹಾಗೆ ಕೂಗಿದರೆ ನಾನು ಮಾಂಬಾ ಎಂಬ ವಿಷದ ಹಾವು ಎಂದುಕೊಂಡು ಮರ ನೋಡುತ್ತಿದ್ದೆ.

ಅಕ್ಟೋಬರ್ ಕೊನೆ, ಮಳೆ ಇನ್ನೂ ಬಿದ್ದಿರಲಿಲ್ಲ. ಹೊಳೆ ಬತ್ತಿದಂತೆಲ್ಲ ಮೊಸಳೆಗಳು ಉಳಿದ ಮಡುಗಳಿಗೇ ಬಂದು ಸೇರುತ್ತವೆ. ಶಿಕಾರಿಗೆ ಬಂದಿದ್ದ ಗಿರಾಕಿಯ ಈಡು ತಿಂದ ಇಂಪಾಲ (ಜಿಂಕೆಯಂಥ ಪ್ರಾಣಿ) ಓಡಿಹೋಗಿ ಅಂಥದೇ ಒಂದು ಮಡುವಿನಂಚಿನಲ್ಲಿ ಬಿತ್ತು. ನಮ್ಮ ಜಾಡುಗಾರ ವಯಸ್ಸಾದವರು, ಎಲ್ಲರೂ 'ಮ್ಜೇ' (ಹಿರಿಯರು) ಎನ್ನುತ್ತಿದ್ದೆವು. "ಪೋಲೆ ಪೋಲೆ, ಬ್ವಾನಾ" ಎಂದರು, ನಿಧಾನ ಅಂತ. ನಾನು ಆಗಲೇ ಕೊಂಬು ಹಿಡಿದು ಬಗ್ಗಿದ್ದೆ. ಬೆನ್ನ ಮೇಲೆ .375 ರೈಫಲ್, ತೋಟಾ ಕೂರುವ ಚೇಂಬರ್ ಖಾಲಿ.

ನೀರು ಅಲುಗಿದ್ದೇ ಕಾಣಲಿಲ್ಲ. ಕೈಯಲ್ಲಿದ್ದ ಕೊಂಬು ಒಮ್ಮೆಲೇ ಆಚೆಗೆ ಜಗ್ಗಿತು. ಪ್ರಾಣಿಯ ಹಿಂಗಾಲು ಪೂರ್ತಿ ಮೊಸಳೆಯ ದವಡೆಯೊಳಗೆ. ಮ್ಜೇ ನನ್ನ ಕಾಲರ್ ಹಿಡಿದು ಹಿಂದಕ್ಕೆಳೆದರು, ಬಿದ್ದೆ. ಎದ್ದು ಬೋಲ್ಟ್ ಎಳೆದು ತೋಟಾ ಏರಿಸಿ ಟ್ರಿಗರಿಗೆ ಬೆರಳಿಡುವಷ್ಟರಲ್ಲಿ "ಮಾಟೋಪೆ!" ಎಂದು ಕಿರುಚಿದರು. ಕೆಸರು. ಬಿದ್ದಾಗ ನಳಿಗೆಯ ತುದಿ ಕೆಸರಿಗೆ ನಾಟಿತ್ತು. ಹಾಗೇ ಹೊಡೆದಿದ್ದರೆ ನಳಿಗೆ ನನ್ನ ಮುಖದ ಮುಂದೆಯೇ ಸಿಡಿಯಬಹುದಿತ್ತು.

ಹೊಡೆದೂ ಏನಾಗುತ್ತಿತ್ತು? ಮೊಸಳೆಯ ಮೆದುಳು ತೀರಾ ಚಿಕ್ಕದು, ಕಣ್ಣಿನ ಹಿಂದೆ ಇರುತ್ತದೆ. ಅದು ತಪ್ಪಿದರೆ ಮೊಸಳೆ ನೀರಿಗೆ ಜಾರಿ ಮುಳುಗುತ್ತದೆ, ಅಷ್ಟೇ. ಮನುಷ್ಯನನ್ನೇ ಹಿಡಿದು ಉರುಳುತ್ತಿದ್ದರೆ ಗುರಿ ಎಲ್ಲಿಂದ ಬರಬೇಕು?

ಆಮೇಲೆ ನೀರಿನ ಹತ್ತಿರ ಒಬ್ಬರ ಕೆಲಸ ಕಾವಲು ಮಾತ್ರ: ರೈಫಲ್ ಎರಡೂ ಕೈಯಲ್ಲಿ, ತೋಟಾ ಚೇಂಬರಿನಲ್ಲಿ, ಸೇಫ್ಟಿ ಹಾಕಿ, ಮುಖ ನೀರಿಗೆ. ಇನ್ನೊಬ್ಬರು ದೂರದಿಂದ ಹಗ್ಗದ ಕುಣಿಕೆ ಎಸೆದು ಬೇಟೆ ಎಳೆಯುವುದು. ಒಂದೇ ಜಾಗದಲ್ಲಿ ದಿನಾ ನೀರು ತುಂಬುವುದನ್ನೂ ಬಿಟ್ಟೆವು. ಮೊಸಳೆ ನಮ್ಮ ಅಭ್ಯಾಸವನ್ನು ನಮಗಿಂತ ಚೆನ್ನಾಗಿ ಕಲಿಯುತ್ತದೆ.

ಆ ಸಂಜೆ ಕಡ್ಡಿ ಹಾಕಿ ನಳಿಗೆಯಿಂದ ಬೆರಳುದ್ದದ ಕೆಸರು ತೆಗೆದೆ. ಮ್ಜೇ ಏನೂ ಮಾತಾಡಲಿಲ್ಲ. ಒಂದು ಸುರುಳಿ ಟೇಪು ತಂದು ಮೇಜಿನ ಮೇಲಿಟ್ಟು, ಒಂದು ತುಂಡು ಹರಿದು ನಳಿಗೆಯ ಬಾಯಿಗೆ ಅಂಟಿಸಿ ಹೋದರು. ಹೊಡೆದಾಗ ಗುಂಡಿನ ಮುಂದೆ ನುಗ್ಗುವ ಗಾಳಿಯೇ ಅದನ್ನು ಕಿತ್ತೆಸೆಯುತ್ತದೆ, ಕೆಸರು ಒಳಗೆ ಬರುವುದಿಲ್ಲ.