ಇಫ್ ಬರೆಯುವಾಗ ದೊಡ್ಡ ಸಂಖ್ಯೆ ಮೇಲಿರಲಿ
ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಈಗಷ್ಟೇ ಶುರು ಮಾಡಿದವರಿಗೆ ಒಂದು ಮಾತು. ನಮ್ಮ ಕಲಬುರಗಿ ಬಿಸಿಲನ್ನೇ ತಗೊಳ್ಳಿ. ‘30 ಡಿಗ್ರಿ ದಾಟಿದರೆ ಟೋಪಿ ಹಾಕು’ ಅಂತ, ‘ಹೀಗಿದ್ದರೆ’ ಎನ್ನುವ ಇಫ್‌ನಲ್ಲಿ ಬರೆದೆ. ಕೆಳಗೆ, ‘ಅದಲ್ಲದೆ ಹೀಗಿದ್ದರೆ’ ಎನ್ನುವ ಎಲಿಫ್‌ನಲ್ಲಿ ‘40 ದಾಟಿದರೆ ಮನೆಯಲ್ಲೇ ಇರು’ ಅಂದೆ. 43 ಕೊಟ್ಟರೂ ಟೋಪಿನೇ ಬಂತು! ಅರ್ಧ ಗಂಟೆ ಸುಮ್ನೆ ತಲೆ ಕೆರೆದುಕೊಂಡೆ.

ಕಂಪ್ಯೂಟರ್ ಮೇಲಿನಿಂದ ಓದುತ್ತದೆ. ಮೊದಲ ನಿಜವಾದ ಷರತ್ತು ಸಿಕ್ಕ ಕೂಡಲೇ ಉಳಿದ ಎಲಿಫ್, ಎಲ್ಸ್ (‘ಯಾವುದೂ ಅಲ್ಲದಿದ್ದರೆ’) ಕಡೆ ತಿರುಗಿಯೂ ನೋಡುವುದಿಲ್ಲ. 43 ಅಂದ್ರೆ 30ಕ್ಕಿಂತಲೂ ಜಾಸ್ತಿನೇ ಅಲ್ವಾ? ಅದಕ್ಕೇ 40ರ ಷರತ್ತು ಮೇಲೆ ಬರಲಿ. ಎಲಿಫ್ ಬದಲು ಇನ್ನೊಂದು ಇಫ್ ಹಾಕಿದರೆ ಎರಡೂ ಉತ್ತರ ಬರುತ್ತವೆ, ಟೋಪಿ ಹಾಕಿಕೊಂಡು ಮನೆಯಲ್ಲಿ ಕೂರಬೇಕಾಗುತ್ತದೆ.

ಬರೆದ ಮೇಲೆ ಸರಿಯಾಗಿ 40 ಅನ್ನೇ ಕೊಟ್ಟು ನೋಡಿ. ‘ದಾಟಿದರೆ’ ಅಂದಾಗ 40 ಅದರಲ್ಲಿ ಸೇರುವುದಿಲ್ಲ. ಸೇರಬೇಕಿದ್ದರೆ ದೊಡ್ಡದು ಚಿಹ್ನೆಯ ಪಕ್ಕ ಸಮ ಚಿಹ್ನೆಯನ್ನೂ ಹಾಕಿ (>=).