ಕಾರಿಗೆ ವೈರ್‌ಲೆಸ್ ಚಾರ್ಜರ್ ಕೂಡಿಸುವ ಮುಂಚೆ ಫ್ಯೂಸ್ ಡಬ್ಬಿ ತೆರೆಯಿರಿ

ಕಲಬುರಗಿಯಲ್ಲಿ ಕಾರು ತಗೊಂಡವರು ಸೀಟ್ ಕವರ್, ಮ್ಯಾಟ್ ಆದಮೇಲೆ ಕೇಳುವ ಸಾಮಾನು ಈಗ ವೈರ್‌ಲೆಸ್ ಚಾರ್ಜರ್. ಕೂಡಿಸುವವರು ಹತ್ತು ನಿಮಿಷದ ಕೆಲಸ ಅಂತಾರೆ. ಹತ್ತು ನಿಮಿಷದಲ್ಲಿ ಮುಗಿಸಿಯೂ ಬಿಡುತ್ತಾರೆ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ, ಸಿಕ್ಕ ವೈರಿನ ಸಿಪ್ಪೆ ಸುಲಿದು, ಚಾರ್ಜರ್ ವೈರನ್ನು ಅದಕ್ಕೆ ತಿರುವಿ, ಟೇಪ್ ಸುತ್ತುತ್ತಾರೆ. ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಒಳಗೆ ತಾಮ್ರ ಬೆತ್ತಲೆ ನಿಲ್ಲುತ್ತದೆ. ಕೇಳಿದರೆ ಉತ್ತರ ಸಿದ್ಧ: "ಏನೂ ಆಗಂಗಿಲ್ರೀ ಅಣ್ಣಾರ, ಅರಾಮ ಹೋಗ್ರಿ."

ಕಾರಿನ ವೈರ್ ಒಂದನ್ನೂ ಕತ್ತರಿಸದೆ ಇದನ್ನು ಮನೆಯಲ್ಲೇ ಮಾಡಬಹುದು. ವೈರ್ ಕತ್ತರಿಸಿದರೆ ವಾರಂಟಿ ವಿಷಯದಲ್ಲಿ ಕಂಪನಿಯವರ ಜೊತೆ ಜಗ್ಗಾಡಬೇಕಾಗುತ್ತದೆ, ಅದು ಬೇಡ.

ಮೊದಲು ಫೋನ್ ನೋಡಿ

ವೈರ್ ಚುಚ್ಚದೆ, ಪ್ಯಾಡಿನ ಮೇಲೆ ಇಟ್ಟರೆ ಸಾಕು ಚಾರ್ಜ್ ಆಗುವ ಈ ಸೌಲಭ್ಯ ಎಲ್ಲ ಫೋನಿಗೂ ಇರುವುದಿಲ್ಲ. ಐಫೋನ್ ಆದರೆ 2017ರ ಐಫೋನ್ 8ರಿಂದ ಈಚೆಗೆ ಇದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ದುಬಾರಿ ಫೋನುಗಳಿಗೆ ಮಾತ್ರ. ನಿಮ್ಮ ಫೋನಿಗೆ ಇಲ್ಲದಿದ್ದರೆ ಬೆನ್ನಿಗೆ ಅಂಟಿಸಿ ಚಾರ್ಜಿಂಗ್ ತೂತಿಗೆ ಚುಚ್ಚುವ ತೆಳು ಪಟ್ಟಿ ಸಿಗುತ್ತದೆ. ತಗೋಬೇಡಿ. ಬಿಸಿ ಜಾಸ್ತಿ, ಚಾರ್ಜ್ ಕಡಿಮೆ.

ಯಾವ ಪ್ಯಾಡ್ ತರಬೇಕು

ಪೆಟ್ಟಿಗೆಯ ಮೇಲೆ ವೈರ್‌ಲೆಸ್ ಚಾರ್ಜಿಂಗಿನ 'ಚೀ' (Qi) ಪ್ರಮಾಣದ ಗುರುತು ಇರಲಿ. 2023ರಲ್ಲಿ ಬಂದ 'ಚೀ 2' ಆದರೆ ಇನ್ನೂ ಛಲೋ, ಅದರಲ್ಲಿ ಆಯಸ್ಕಾಂತದ ಉಂಗುರ ಇರುತ್ತದೆ. ಫೋನಿನಲ್ಲೂ ಅಂಥದೇ ಉಂಗುರ ಇದ್ದರೆ ತಗ್ಗು ದಿನ್ನೆಯ ರಸ್ತೆಯಲ್ಲಿ ಅದು ಜಾರುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ, ಪ್ಯಾಡಿನ ಹಿಂದೆ ಬರೆದಿರುವ ಇನ್‌ಪುಟ್. "12–24 ವೋಲ್ಟ್" ಅಂತಿದ್ದರೆ ನೇರವಾಗಿ ಕಾರಿನ ಕರೆಂಟಿಗೆ ಜೋಡಿಸಬಹುದು. "5 ವೋಲ್ಟ್, 9 ವೋಲ್ಟ್" ಅಂತಿದ್ದರೆ ಅದು ಯುಎಸ್‌ಬಿ ಪ್ಯಾಡ್, ನೇರ ಜೋಡಿಸಿದರೆ ಸುಟ್ಟೇ ಹೋಗುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ 14 ವೋಲ್ಟ್ ಹತ್ತಿರ ಇರುತ್ತದೆ ಅನ್ನುವುದು ನೆನಪಿರಲಿ. ಯುಎಸ್‌ಬಿ ಪ್ಯಾಡನ್ನು ಕಾರಿನ ಹಳೆಯ ಯುಎಸ್‌ಬಿ ತೂತಿಗೆ ಚುಚ್ಚಿ, "15 ವಾಟ್ ಅಂದಿದ್ರು, ಚಾರ್ಜೇ ಏರ್ತಿಲ್ಲ" ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವವರಿದ್ದಾರೆ. ಆ ತೂತು 5 ವೋಲ್ಟಿಗೆ 1 ಆಂಪಿಯರ್ ಕೊಟ್ಟರೆ ಆಯಿತು 5 ವಾಟ್. ಅದರಿಂದ 15 ಎಲ್ಲಿಂದ ಬರಬೇಕು?

ಕಾರು ಅಷ್ಟೇನೂ ಬಳಸುವುದಿಲ್ಲ ಅನ್ನುವವರು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಒಳ್ಳೆಯ ಫಾಸ್ಟ್ ಚಾರ್ಜಿಂಗ್ ಅಡಾಪ್ಟರ್ ಹಾಕಿ, ಅದಕ್ಕೆ ಪ್ಯಾಡ್ ಚುಚ್ಚಿ ಇಲ್ಲಿಗೇ ಮುಗಿಸಬಹುದು. ಮುಂದಿನದು ವೈರ್ ಕಾಣಬಾರದು ಅನ್ನುವವರಿಗೆ.

ಫ್ಯೂಸ್ ಡಬ್ಬಿಯಿಂದ ಕರೆಂಟ್

ಕೆಲಸ ಕೆಡುವುದು ಇಲ್ಲೇ. ನಿಧಾನವಾಗಿ ಓದಿ.

ಬೇಕಾದದ್ದು ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಒಂದು ಫ್ಯೂಸ್ ಟ್ಯಾಪ್, ಒಂದು ಸಣ್ಣ ಫ್ಯೂಸ್. ಇರುವ ಫ್ಯೂಸಿನ ಜಾಗದಲ್ಲಿ ಕೂತು, ಅದರ ಜೊತೆಗೆ ಇನ್ನೊಂದು ಫ್ಯೂಸಿಗೂ ವೈರಿಗೂ ದಾರಿ ಮಾಡಿಕೊಡುವ ಚಿಕ್ಕ ಹೋಲ್ಡರೇ ಫ್ಯೂಸ್ ಟ್ಯಾಪ್. ಕಾರಿನ ಫ್ಯೂಸ್‌ಗಳಲ್ಲಿ ಮಿನಿ, ಲೋ ಪ್ರೊಫೈಲ್, ಮೈಕ್ರೋ ಅಂತ ಅಳತೆ ಬೇರೆ ಬೇರೆ. ನಿಮ್ಮ ಕಾರಿನ ಒಂದು ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅದಕ್ಕೆ ಹೊಂದುವ ಟ್ಯಾಪ್ ತನ್ನಿ. "ಒತ್ತಿದರೆ ಕೂಡ್ತದ" ಅಂದರೆ ಒಪ್ಪಬೇಡಿ. ಒತ್ತಿದರೆ ಒಳಗಿನ ಹಿಡಿತ ಅಗಲವಾಗಿ, ಮುಂದೆ ಮೂಲ ಫ್ಯೂಸೇ ಸಡಿಲ ಆಗುತ್ತದೆ.

ಫ್ಯೂಸ್ ಡಬ್ಬಿ ಹೆಚ್ಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಬಲ ಮೊಣಕಾಲಿನ ಹತ್ತಿರ ಇರುತ್ತದೆ. ಯಾವ ಫ್ಯೂಸ್ ಯಾವುದಕ್ಕೆ ಅನ್ನುವ ಚಿತ್ರ ಮುಚ್ಚಳದ ಹಿಂದೆ ಅಥವಾ ಕಾರಿನ ಪುಸ್ತಕದಲ್ಲಿ ಸಿಗುತ್ತದೆ. ಆರಿಸಬೇಕಾದದ್ದು ಆಡಿಯೋ ಅಥವಾ ಲೈಟರ್ ಸಾಕೆಟ್ಟಿನಂಥ ಫ್ಯೂಸ್. ಏರ್‌ಬ್ಯಾಗ್, ಎಬಿಎಸ್ (ಬ್ರೇಕಿನದು), ಇಸಿಯು (ಎಂಜಿನ್ ಕಂಪ್ಯೂಟರ್), ಪವರ್ ಸ್ಟೀರಿಂಗ್, ಫ್ಯೂಯೆಲ್ ಪಂಪ್ ಇವುಗಳ ತಂಟೆಗೆ ಹೋಗಲೇಬೇಡಿ. ಹಳದಿ ಹೊದಿಕೆಯ ವೈರ್ ಅಥವಾ ಹಳದಿ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಕೈ ಹಿಂದಕ್ಕೆ ತಗೊಳ್ಳಿ.

ಆರಿಸಿದ ಫ್ಯೂಸ್ ಕೀಲಿ ತಿರುವಿದಾಗ ಮಾತ್ರ ಚಾಲೂ ಆಗಬೇಕು. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬಾಡಿ ಬೋಲ್ಟಿಗೆ, ಕೆಂಪು ಕಡ್ಡಿಯನ್ನು ಫ್ಯೂಸಿನ ತಲೆಯಲ್ಲಿ ಕಾಣುವ ಲೋಹದ ಚುಕ್ಕೆಗೆ ಮುಟ್ಟಿಸಿ. ಕೀಲಿ ಬಂದ್ ಇದ್ದಾಗ ಸೊನ್ನೆ, ಚಾಲೂ ಮಾಡಿದಾಗ 12ರ ಹತ್ತಿರ ತೋರಿಸಬೇಕು. ಈ ಪರೀಕ್ಷೆ ಬಿಟ್ಟವರ ಕಾರೇ ಬೆಳಿಗ್ಗೆ ತಳ್ಳಿಸಿಕೊಳ್ಳುವುದು. ಲೆಕ್ಕ ಹಾಕಿ: ಸುಮ್ನೆ ಕೂತ ಪ್ಯಾಡ್ 0.1 ಆಂಪಿಯರ್ ಎಳೆದರೂ ದಿನಕ್ಕೆ 2.4 ಆಂಪಿಯರ್ ಅವರ್ ಹೋಯಿತು. ಕಾರು ನಿಲ್ಲಿಸಿ ರೈಲಿನಲ್ಲಿ ಪುಣೆಗೆ ಮದುವೆಗೆ ಹೋಗಿ ವಾರ ಬಿಟ್ಟು ಬಂದರೆ, ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಖಾಲಿ.

ಈಗ ಕೀಲಿ ಬಂದ್ ಮಾಡಿ ಫ್ಯೂಸ್ ಕಿತ್ತು, ಮತ್ತೆ ಚಾಲೂ ಮಾಡಿ. ಖಾಲಿ ಜಾಗದ ಎರಡು ಸಂದಿಯಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಇರುತ್ತದೆ. ಕರೆಂಟ್ ಬರುವ ಕಡೆ ಅದು. ಗುರುತು ಹಾಕಿಕೊಂಡು ಕೀಲಿ ಬಂದ್ ಮಾಡಿ. ಟ್ಯಾಪಿನಲ್ಲಿ ಹೊಸ ಫ್ಯೂಸ್ ಒಂದನ್ನೇ ಅದರ ಜಾಗಕ್ಕೆ ಹಾಕಿ, ಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಟ್ಯಾಪಿನ ವೈರಿಗೆ, ಇನ್ನೊಂದನ್ನು ಟ್ಯಾಪಿನ ಎರಡು ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿ. ಯಾವ ಕಾಲಿಗೆ ಬೀಪ್ ಬರುತ್ತದೋ ಆ ಕಾಲು ಕರೆಂಟ್ ಬರುವ ಸಂದಿಗೆ ಹೋಗಬೇಕು. ಆಮೇಲೆ ಮೂಲ ಫ್ಯೂಸನ್ನು ಟ್ಯಾಪಿನ ಇನ್ನೊಂದು ಜಾಗಕ್ಕೆ ಹಾಕಿ ಕೂಡಿಸಿ.

ಉಲ್ಟಾ ಹಾಕಿದರೂ ಚಾರ್ಜರ್ ನಡೆಯುತ್ತದೆ. ಅದಕ್ಕೇ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಗ ಪ್ಯಾಡಿನ ಕರೆಂಟೂ ಮೂಲ ಫ್ಯೂಸಿನ ಮೂಲಕವೇ ಹರಿಯುತ್ತದೆ. ಎಂದಾದರೂ ಅದೇ ಸಾಕೆಟ್ಟಿಗೆ ಗಾಳಿ ಪಂಪ್ ಹಾಕಿದ ದಿನ ಫ್ಯೂಸ್ ಹಾರಿದರೆ ಕಾರಣ ಹುಡುಕುತ್ತಾ ಕೂರಬೇಕು. ಇದಕ್ಕಿಂತ ಕೆಟ್ಟ ಪದ್ಧತಿ ಒಂದಿದೆ: ಟ್ಯಾಪೇ ಇಲ್ಲದೆ, ಫ್ಯೂಸಿನ ಕಾಲಿಗೆ ವೈರಿನ ಎಳೆ ಸುತ್ತಿ ಒತ್ತಿಬಿಡುವುದು. ಎಳೆ ಕರೆಂಟ್ ಬರುವ ಕಾಲಿಗೆ ಸುತ್ತಿದ್ದರೆ ಆ ವೈರಿಗೆ ಈ ಡಬ್ಬಿಯ ಯಾವ ಫ್ಯೂಸೂ ಕಾವಲಿಲ್ಲ.

ಹೊಸ ಫ್ಯೂಸ್ ಎಷ್ಟರದು? 15 ವಾಟಿನ ಪ್ಯಾಡಿಗೆ 12 ವೋಲ್ಟಿನಲ್ಲಿ ಹೆಚ್ಚೆಂದರೆ 2 ಆಂಪಿಯರ್ ಬೇಕು. ಹಾಗಾಗಿ ನೇರಳೆ ಬಣ್ಣದ 3 ಅಥವಾ ತಿಳಿ ಕಂದು ಛಾಯೆಯ 5 ಆಂಪಿಯರ್ ಸಾಕು. ಟ್ಯಾಪಿನ ಜೊತೆ ಕೆಂಪು 10 ಬಂದಿದ್ದರೆ ಬದಲಾಯಿಸಿ. ಹಳದಿ 20 ಹಾಕಿದರೆ "ಹಾರೋದೇ ಇಲ್ಲ" ಅಂತ ಖುಷಿಪಡುವವರಿಗೆ ಒಂದು ಮಾತು: ಫ್ಯೂಸ್ ಇರುವುದು ವೈರ್ ಉಳಿಸಲು. ಅದು ಹಾರದಿದ್ದರೆ ತೆಳು ವೈರ್ ಉರಿಯುತ್ತದೆ.

ಪ್ಯಾಡಿನ ಕೆಂಪು ವೈರನ್ನು ಟ್ಯಾಪಿನ ವೈರಿಗೆ ಜೋಡಿಸಿ. ಅದರ ಕಪ್ಪು ವೈರಿಗೆ ಉಂಗುರದ ಟರ್ಮಿನಲ್ ಒತ್ತಿ, ಬಾಡಿಯ ಕಬ್ಬಿಣಕ್ಕೆ ಕೂತ ಬೋಲ್ಟಿಗೆ ಬಿಗಿಯಿರಿ. ಬಣ್ಣ ಇದ್ದರೆ ಕೆರೆಯಿರಿ. ವೈರ್ ಪೆಡಲ್ ಹತ್ತಿರ ಜೋತಾಡದಂತೆ ಟ್ಯಾಗ್ ಹಾಕಿ ಕಟ್ಟಿ.

ಪ್ಯಾಡ್ ಎಲ್ಲಿಡಬೇಕು

ಗೇರ್ ಮುಂದಿನ ತಟ್ಟೆಯಲ್ಲಿ. ಗಾಜಿಗೆ ಅಂಟುವ ಸ್ಟ್ಯಾಂಡ್ ನಮ್ಮ ಕಡೆ ಬೇಡವೇ ಬೇಡ. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕೇಳಲೇಬೇಡಿ. ಐಫೋನ್ ಬಳಸಲು ಆಪಲ್ ಹೇಳುವ ಹೊರಗಿನ ತಾಪವೇ 35 ಡಿಗ್ರಿವರೆಗೆ. ವೈರ್‌ಲೆಸ್‌ನಲ್ಲಿ ಒಂದಷ್ಟು ಕರೆಂಟ್ ಹೇಗೂ ಶಾಖವಾಗಿ ಸೋರುತ್ತದೆ, ಮೇಲಿಂದ ಬಿಸಿಲೂ ಬಿದ್ದರೆ ಫೋನ್ ತಾನೇ ಚಾರ್ಜ್ ನಿಲ್ಲಿಸುತ್ತದೆ. ಹುಮನಾಬಾದ್ ಮೇಲೆ ಹೈದರಾಬಾದಿಗೆ ಮ್ಯಾಪ್ ಹಾಕಿಕೊಂಡು ಹೋಗುವಾಗ ನನ್ನ ಆಯ್ಕೆ ಕೇಬಲ್ಲೇ. ಪ್ಯಾಡ್ ಊರೊಳಗಿನ ಓಡಾಟಕ್ಕೆ.

ಅಂಟಿಸುವ ಮುಂಚೆ ಎಂಜಿನ್ ಚಾಲೂ ಮಾಡಿ ಫೋನನ್ನು ಅತ್ತಿತ್ತ ಸರಿಸಿ. ಪ್ಯಾಡಿನ ಒಳಗೊಂದು, ಫೋನಿನ ಒಳಗೊಂದು ತಂತಿಯ ಸುರುಳಿ ಇರುತ್ತದೆ, ಎರಡೂ ಒಂದರ ಮೇಲೊಂದು ಬಂದ ಜಾಗದಲ್ಲಿ ಚಾರ್ಜ್ ನಿಲ್ಲದೆ ಏರುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಡಬಲ್ ಟೇಪ್. ತಟ್ಟೆಯ ದಪ್ಪ ರಬ್ಬರ್ ಮ್ಯಾಟ್ ಕೆಳಗೆ ಪ್ಯಾಡ್ ಬಚ್ಚಿಡುವ ಆಸೆ ಬಿಡಿ. ಫೋನ್ ಕವರ್, ಮ್ಯಾಟ್ ಎಲ್ಲ ಸೇರಿ ನಡುವೆ ಕೆಲವೇ ಮಿಲಿಮೀಟರ್ ಇರಬೇಕು.

ಹಳೆಯ ಸ್ಟ್ಯಾಂಡಿಗಾಗಿ ಫೋನಿನ ಬೆನ್ನಿಗೆ ಅಂಟಿಸಿದ ಲೋಹದ ಬಿಲ್ಲೆ ಕೀಳಿ. ಅದು ಕಾಯುತ್ತದೆ, ಚಾರ್ಜ್ ಏರಗೊಡುವುದಿಲ್ಲ. ಚಿಲ್ಲರೆ ಕಾಸು, ಬೀದರಿನಿಂದ ತಂದ ಬಿದರಿ ಕೀಚೈನ್ ಯಾವುದನ್ನೂ ಪ್ಯಾಡಿನ ಮೇಲೆ ಇಡಬೇಡಿ. ಸ್ಮಾರ್ಟ್ ಕೀಲಿಯನ್ನು ಪಕ್ಕದಲ್ಲಿಟ್ಟರೂ ಕಾರು "ಕೀಲಿ ಇಲ್ಲ" ಅನ್ನಬಹುದು.

ಕೊನೆಗೆ ಎಫ್‌ಎಂ ಹಾಕಿ ನೋಡಿ. ಪ್ಯಾಡ್ ಚಾಲೂ ಆದ ಕೂಡಲೇ ರೇಡಿಯೋ ಗರ್ ಅಂದರೆ ಪ್ಯಾಡಿನ ಸರ್ಕ್ಯೂಟ್ ಕಳಪೆ, ವಾಪಸ್ ಕೊಡಿ. ಆಮೇಲೆ ಕಾರು ಲಾಕ್ ಮಾಡಿ, ಚಹಾ ಕುಡಿದು ಬಂದು ಗಾಜಿನಿಂದ ಇಣುಕಿ. ಕೆಲವು ಹೊಸ ಕಾರುಗಳು ಲಾಕ್ ಆದಮೇಲೂ ಸ್ವಲ್ಪ ಹೊತ್ತು ಕರೆಂಟ್ ಬಿಡುತ್ತವೆ. ಅರ್ಧ ಗಂಟೆ ಆದರೂ ಪ್ಯಾಡಿನ ದೀಪ ಆರಿರದಿದ್ದರೆ ನೀವು ಆರಿಸಿದ ಫ್ಯೂಸ್ ತಪ್ಪು, ಬೇರೆಯದಕ್ಕೆ ಬದಲಾಯಿಸಿ.