120 ಟನ್ ಟ್ರಾನ್ಸ್‌ಫಾರ್ಮರ್‌ಗೆ ಎಷ್ಟು ಆಕ್ಸಲ್, ಎಷ್ಟು ಪುಲ್ಲರ್?

ಎಣ್ಣೆ ಇಳಿಸಿ ಸಾರಜನಕ ತುಂಬಿದ 120 ಟನ್ ಟ್ರಾನ್ಸ್‌ಫಾರ್ಮರನ್ನು ಪಣಂಬೂರಿನಿಂದ ಘಟ್ಟ ಹತ್ತಿಸಬೇಕು ಅಂದುಕೊಳ್ಳಿ. ಹೈಡ್ರಾಲಿಕ್ ಟ್ರೈಲರಿನಲ್ಲಿ (ಎಣ್ಣೆಯ ಒತ್ತಡದ ಜಾಕ್‌ಗಳ ಮೇಲೆ ಹಾಸು ಕೂರುವ ಗಾಡಿ) ಒಂದೊಂದು ಆಕ್ಸಲ್ ಸಾಲಿಗೆ ಎಂಟು ಟೈರು, ಮಿತಿ 18 ಟನ್. ಸಾಲಿನ ಸ್ವಂತ ತೂಕವೇ ಸುಮಾರು 4 ಟನ್. ಎಂಟು ಸಾಲು ಹಾಕಿದರೆ ಒಟ್ಟು 152, ಸಾಲಿಗೆ 19: ಆಗದು. ಒಂಬತ್ತಕ್ಕೆ 17.3 ಬರುತ್ತದೆ, ಕಾಗದದಲ್ಲಿ ಸರಿ. ನಾವು ಹಾಕುವುದು ಹತ್ತು. ದಾರಿಯಲ್ಲಿ ಒಂದು ಸಾಲಿನ ಎಣ್ಣೆಯ ಹೋಸ್ ಒಡೆದರೆ ಅದರ ವಾಲ್ವ್ ಮುಚ್ಚಿ, ಚಕ್ರ ಎತ್ತಿ ಚೈನ್ ಬಿಗಿಯುತ್ತೇವೆ. ಆಗಲೂ ಉಳಿದವಕ್ಕೆ ಸರಾಸರಿ 17.8 ಮಾತ್ರ.

ಜಾಕ್‌ಗಳನ್ನು ಮೂರು ಗುಂಪು ಮಾಡುತ್ತೇವೆ; ಒಂದು ಗುಂಪಿನ ಜಾಕ್‌ಗಳಿಗೆಲ್ಲ ಎಣ್ಣೆಯ ಒತ್ತಡ ಒಂದೇ. ಮುಂದಿನ ನಾಲ್ಕು ಸಾಲಿನ ಎಡ-ಬಲ ಸೇರಿ ಒಂದು, ಹಿಂದಿನ ಆರರ ಎಡ ಒಂದು, ಬಲ ಒಂದು. ಐದು-ಐದು ಯಾಕಲ್ಲ? ಮೂರು ಗುಂಪು ಎಂದರೆ ಭಾರ ತ್ರಿಕೋನದ ಮೇಲೆ ಕೂತಂತೆ. ಎಡ-ಬಲ ಜಾಕ್ ನಡುವೆ 1.8 ಮೀಟರ್ ಇದ್ದರೆ, ಭಾರಕೇಂದ್ರದಿಂದ ತ್ರಿಕೋನದ ಅಂಚಿಗೆ ಪಕ್ಕದಲ್ಲಿ ಐದು-ಐದರಲ್ಲಿ 45 ಸೆಂ.ಮೀ., ನಾಲ್ಕು-ಆರರಲ್ಲಿ 54 ಸಿಗುತ್ತದೆ. ಎತ್ತರದ ಲೋಡಿಗೆ ಆ 9 ಸೆಂ.ಮೀ. ಸಣ್ಣದಲ್ಲ. ಟ್ಯಾಂಕಿನ ಮೇಲೆ ಬರೆದ ಭಾರಕೇಂದ್ರದ ಗುರುತು ಹಾಸಿನ ನಡುವಿಗೆ ಬರಬೇಕು. ಪೆಟ್ಟಿಗೆಯ ನಡು ನೋಡಿ ಇಳಿಸಿದರೆ ಗುಂಪುಗಳ ಒತ್ತಡ ತೋರಿಸುವ ಮೂರು ಗೇಜೂ ಮೂರು ದಿಕ್ಕು. ಟ್ಯಾಂಕಿನ ಅಡಿಗೆ ರಬ್ಬರ್ ಶೀಟ್ ಹಾಕದೆ ಚೈನ್ ಮಾತ್ರ ಬಿಗಿದರೆ ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ.

ಸಾಲು ಹೆಚ್ಚು ಕಡಿಮೆ ಮಾಡಿದಾಗ, ಸಾಲುಗಳ ಚಕ್ರ ತಿರುಗಿಸುವ ಸ್ಟೀರಿಂಗ್ ರಾಡುಗಳ ತೂತು ಬದಲಿಸಲು ಮರೆಯುವವರೇ ಜಾಸ್ತಿ. ಟೈರು ಸವೆದಾಗ ರಸ್ತೆಯನ್ನು ಬೈಯುತ್ತಾರೆ.

ಹಾಸು ಜಾಕ್ ಏರಿಳಿಯುವ ದೂರದ ನಡು ಎತ್ತರದಲ್ಲಿರಲಿ. ರಸ್ತೆ ವಾಲಿದ ಕಡೆಗೆ ಪವರ್ ಪ್ಯಾಕಿನಿಂದ (ಟ್ರೈಲರಿನ ಎಣ್ಣೆ ಪಂಪು) ಎಣ್ಣೆ ಕೊಟ್ಟು ಮಟ್ಟ ಮಾಡಬೇಕು. ಜಾಕ್ ತಳ ಮುಟ್ಟಿದ ಸಾಲಿನ ಮೇಲೆ ಗೇಜಿಗೆ ಕಾಣದ ಭಾರ ಕೂರುತ್ತದೆ.

ಈಗ ಏರು. 15 ಮೀಟರಿಗೆ 1 ಮೀಟರ್ ಎಂದಿಟ್ಟುಕೊಳ್ಳಿ. 25 ಟನ್ನಿನ ಎರಡು ಪುಲ್ಲರ್ (ಟ್ರೈಲರ್ ಎಳೆಯುವ ಲಾರಿ) ಸೇರಿ ಒಟ್ಟು 210. ಏರಿಗೆ 14 ಟನ್, ಉರುಳಲು ಶೇ. 2ರಂತೆ 4.2, ಬೇಕಾದ ಎಳೆತ 18.2. ಒಂದೊಂದು ಪುಲ್ಲರಿನ ಹಿಂದಿನ ಎರಡು ಆಕ್ಸಲ್ ಮೇಲೆ 20 ಟನ್ ಇದ್ದರೆ ಒಣ ರಸ್ತೆಯಲ್ಲಿ ತಲಾ 12 ಟನ್ ಹಿಡಿತ, ಒಟ್ಟು 24: ಸಾಕು. ಒದ್ದೆ ರಸ್ತೆಯಲ್ಲಿ ತಲಾ 8, ಒಟ್ಟು 16: ಚಕ್ರ ತಿರುಗುತ್ತದೆ, ಗಾಡಿ ಏರದು. ಇಂಜಿನ್ ಎಷ್ಟೇ ದೊಡ್ಡದಿರಲಿ. ಮೂರನೆಯದು ಹಿಂದಿನಿಂದ ತಳ್ಳಿದರೆ ಬೇಕಾದ್ದು 20.4, ಸಿಗುವುದು 24. ಶಿರಾಡಿಯಲ್ಲಿ ಮಳೆ ಇದ್ದರೆ ಮೂರೂ ಸಿಗುವ ತನಕ ಕೆಳಗೇ ನಿಲ್ಲಿಸುತ್ತೇವೆ. ಗೇರ್ ಏರಿನ ಬುಡದಲ್ಲೇ ಹಾಕಿಕೊಳ್ಳಬೇಕು, ನಡುವೆ ಬದಲಿಸುವಂತಿಲ್ಲ. ಎರಡೂ ಪಕ್ಕ ಮರದ ತುಂಡು ಹಿಡಿದು ಒಬ್ಬೊಬ್ಬರು ನಡೆಯುತ್ತಾರೆ; ನಿಂತ ತಕ್ಷಣ ಚಕ್ರಕ್ಕೆ ಕೊಡುವುದಷ್ಟೇ ಅವರ ಕೆಲಸ.